ಮೊಬೈಲ್ ಗೀಳು: ಹಟ ಸಾಲದು, ಹದ ಬೇಕು

ಪ್ರಶ್ನೆ: ದಿನಕ್ಕೆ ಒಂದೇ ಗಂಟೆ ಮೊಬೈಲ್ ಎಂದು ಆಗಾಗ ಶಪಥ ಮಾಡುತ್ತೇನೆ. ಮೂರು ದಿನ ನಡೆಯುತ್ತದೆ. ನಾಲ್ಕನೇ ದಿನ ಕೈ ತಾನಾಗಿಯೇ ಫೋನಿನತ್ತ ಹೋಗಿರುತ್ತದೆ. ನೋಡುವಾಗ ಖುಷಿಯೂ ಇರುವುದಿಲ್ಲ. ನನಗೆ ಮನೋಬಲವೇ ಇಲ್ಲವೆ?

ಉತ್ತರ: ಕೈ ತಾನಾಗಿ ಹೋಗುತ್ತದೆ, ಖುಷಿಯೂ ಇಲ್ಲ. ನೀವು ಬರೆದಿರುವ ಈ ಎರಡು ಮಾತುಗಳಲ್ಲೇ ಉತ್ತರದ ಬಹುಪಾಲು ಇದೆ. ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗ, ಪದೇ ಪದೇ ಮಾಡಿದ ಕೆಲಸವನ್ನು ಅದು ನಡೆಯುವ ಸನ್ನಿವೇಶಕ್ಕೆ ಜೋಡಿಸಿಬಿಡುತ್ತದೆ. ಲಿಫ್ಟಿಗೆ ಕಾಯುವುದು, ಹಾಸಿಗೆಗೆ ಒರಗುವುದು, ಓದುವಾಗ ಕಷ್ಟದ ಪುಟ ಎದುರಾಗುವುದು, ಯಾವುದಾದರೂ ಸರಿ. ಸನ್ನಿವೇಶ ಬಂತೆಂದರೆ ಕೈ ಹೊರಟಿತು, ಅಲ್ಲಿ ತೀರ್ಮಾನವೇ ನಡೆದಿರುವುದಿಲ್ಲ. 'ಬೇಡ' ಎನ್ನಬೇಕಾದದ್ದು ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ಅದರ ಕೆಲಸ ನಿಧಾನ, ನಿದ್ದೆಗೆಟ್ಟಾಗ ಮತ್ತು ಒತ್ತಡದಲ್ಲಿ ಅದು ಬೇಗ ಸೊರಗುತ್ತದೆ. ಬೆಳಗಿನ ತಿಳಿ ಮನಸ್ಸು ಶಪಥ ಮಾಡುತ್ತದೆ, ಅದನ್ನು ಪಾಲಿಸುವ ಹೊಣೆ ರಾತ್ರಿಯ ದಣಿದ ಮೆದುಳಿನ ಮೇಲೆ ಬೀಳುತ್ತದೆ.

ಇನ್ನು ಖುಷಿಯ ವಿಚಾರ. ವುಲ್ಫ್ರಮ್ ಶುಲ್ಟ್ಜ್ ಎಂಬ ನರವಿಜ್ಞಾನಿ 1990ರ ದಶಕದಲ್ಲಿ ಕೋತಿಗಳಲ್ಲಿ ಡೋಪಮೈನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಹೊಮ್ಮಿಸುವ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ಕೋಶಗಳು, ಕಲಿಕೆಯಾದ ಮೇಲೆ ರಸ ಬರಲಿದೆ ಎಂಬ ಸೂಚನೆಗೇ ಮಿಡಿದವು. ರಸ ಬಂದಾಗ ಸುಮ್ಮನಿದ್ದವು. ನಿರೀಕ್ಷಿಸಿದ ರಸ ಬಾರದೇ ಹೋದಾಗ ಮಿಡಿತ ಎಂದಿಗಿಂತ ಕೆಳಗಿಳಿಯಿತು. ಫೋನಿನಲ್ಲಿ ನೋಟಿಫಿಕೇಶನ್ನಿನ ಕೆಂಪು ಚುಕ್ಕೆಯೇ ಆ ಸೂಚನೆ. ಬಯಕೆಗೂ ಸವಿಗೂ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ನರವಿಜ್ಞಾನಿ ಕೆಂಟ್ ಬೆರಿಜ್ ತೋರಿಸಿಕೊಟ್ಟಿದ್ದಾರೆ. ಹಾಗಾಗಿಯೇ ಸವಿ ಬತ್ತಿದ ಮೇಲೂ ಬಯಕೆ ಹಾಗೇ ಉಳಿಯುತ್ತದೆ. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇಲ್ಲದಿರಬಹುದು. ಹೀಗೆ ಲೆಕ್ಕಕ್ಕೆ ಸಿಗದಂತೆ ಬರುವ ಬಹುಮಾನ ರೂಢಿಸಿದ ವರ್ತನೆ ಅಳಿಸಲು ಅತ್ಯಂತ ಕಷ್ಟದ್ದು ಎಂಬುದು ಮನಶ್ಶಾಸ್ತ್ರಜ್ಞರಾದ ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲೇ ದಾಖಲಿಸಿದ ಸಂಗತಿ.

ಆದ್ದರಿಂದ ನಿಮ್ಮ ಮನೋಬಲದಲ್ಲಿ ಕೊರತೆ ಹುಡುಕಬೇಡಿ. ಸರಿಹೋಗಬೇಕಾದದ್ದು ಕೈಯನ್ನು ತಾನಾಗಿ ಎಳೆಯುವ ವ್ಯವಸ್ಥೆ ಮತ್ತು 'ಬೇಡ' ಎನ್ನುವ ವ್ಯವಸ್ಥೆ, ಈ ಎರಡರ ನಡುವಿನ ಹದ. ಒಂದು ಕಡೆ ಸೂಚನೆಗಳು ಕಡಿಮೆಯಾಗಬೇಕು, ಕೈಗೂ ಪರದೆಗೂ ನಡುವೆ ಅಡ್ಡಿ ಬೆಳೆಯಬೇಕು. ಇನ್ನೊಂದು ಕಡೆ ನಿದ್ದೆ ಮತ್ತು ಬೇರೆ ಆಸಕ್ತಿಗಳು ಹೆಚ್ಚಬೇಕು. ಮನೋಬಲವನ್ನು ಒಮ್ಮೆ ಮಾತ್ರ, ಈ ಏರ್ಪಾಡು ಮಾಡುವ ದಿನ ಬಳಸಿ.

ಪ್ರಶ್ನೆ: 'ಡೋಪಮೈನ್ ಉಪವಾಸ' (ಕೆಲಕಾಲ ಫೋನಿನಂಥ ಖುಷಿಗಳನ್ನೆಲ್ಲ ಬಿಟ್ಟಿರುವುದು) ಮಾಡಿದರೆ ಮೆದುಳು ರೀಸೆಟ್ ಆಗುತ್ತದೆಯೆ? ಎಡ-ಬಲ ಮೆದುಳನ್ನು ಸಮತೋಲನಕ್ಕೆ ತರುವ ಮಾತ್ರೆಗಳೂ ಇವೆಯಂತೆ.

ಉತ್ತರ: ಡೋಪಮೈನ್ ಖಾಲಿ ಮಾಡಿ ತುಂಬುವಂಥದ್ದಲ್ಲ. ನಾವು ಸಲೀಸಾಗಿ ಕೈಕಾಲು ಆಡಿಸುವುದಕ್ಕೂ ಅದು ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಲನೆ ಕೆಡುವುದು ಡೋಪಮೈನ್ ಉತ್ಪಾದಿಸುವ ಕೋಶಗಳು ನಾಶವಾಗುವುದರಿಂದ. ಒಂದು ಭಾನುವಾರ ಫೋನ್ ಬಿಟ್ಟರೆ ವಿಶ್ರಾಂತಿ ಸಿಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಸೋಮವಾರ ಅದೇ ಹಾಸಿಗೆ, ಅದೇ ಚಾರ್ಜರ್, ಅದೇ ಕೆಂಪು ಚುಕ್ಕೆ ಇದ್ದಲ್ಲೇ ಇರುತ್ತವೆ. ಎಡ-ಬಲ ಮೆದುಳಿನ ಅಸಮತೋಲನದಿಂದ ಈ ಗೀಳು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರ ಹೆಸರಿನ ಮಾತ್ರೆಗಳಿಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ದಯವಿಟ್ಟು ಕ್ರಮವಾಗಿ ತಿಳಿಸಿ.

ಉತ್ತರ: ಮೊದಲ ಮೂರು ದಿನ ಏನನ್ನೂ ಬದಲಿಸಬೇಡಿ. ಕೆಲಸವಿಲ್ಲದೆ ಫೋನ್ ಎತ್ತಿದಾಗಲೆಲ್ಲ ಒಂದು ಚೀಟಿಯಲ್ಲಿ ಹೊತ್ತು, ಜಾಗ ಮತ್ತು ಅದಕ್ಕೆ ಮುಂಚಿನ ಕ್ಷಣದಲ್ಲಿ ನಿಮಗೆ ಏನನಿಸುತ್ತಿತ್ತು (ಬೇಸರವೇ, ಆತಂಕವೇ, ದಣಿವೇ) ಎಂದು ಬರೆದಿಡಿ. ಫೋನಿನ ಬಳಕೆಯ ವರದಿಯಲ್ಲಿ ಒಟ್ಟು ಗಂಟೆಗಳಿಗಿಂತ, ಎಷ್ಟು ಸಲ ಎತ್ತಿದಿರಿ, ಎತ್ತಿದ ಕೂಡಲೇ ಯಾವ ಆ್ಯಪ್ ತೆರೆದಿರಿ ಎಂಬುದನ್ನು ನೋಡಿ. ಎರಡು ಸನ್ನಿವೇಶಗಳು ಎದ್ದು ಕಾಣುತ್ತವೆ. ಸದ್ಯಕ್ಕೆ ಆ ಎರಡು ಸಾಕು. ಎಲ್ಲವನ್ನೂ ಒಟ್ಟಿಗೆ ಹಿಡಿದವರು ಒಂದೇ ವಾರದಲ್ಲಿ ಎಲ್ಲವನ್ನೂ ಬಿಡುತ್ತಾರೆ.

ನಾಲ್ಕನೇ ದಿನ ಅರ್ಧ ಗಂಟೆ ಕೂತು ಫೋನಿನ ಏರ್ಪಾಡು ಬದಲಿಸಿ. ಕರೆಗಳು, ಮನುಷ್ಯರೇ ನಿಮಗೆಂದು ಕಳಿಸುವ ಸಂದೇಶಗಳು ಮತ್ತು ಬ್ಯಾಂಕಿನ ಸೂಚನೆಗಳನ್ನು ಬಿಟ್ಟು ಉಳಿದ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ. ಸದ್ದು ನಿಲ್ಲಿಸಿದರೂ ಐಕಾನ್ ಮೇಲಿನ ಚುಕ್ಕೆ ಉಳಿದಿರುತ್ತದೆ, ಅದರ ಸೆಟ್ಟಿಂಗ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಹೆಚ್ಚು ಸೆಳೆಯುವ ಆ್ಯಪ್ ತೆಗೆದುಹಾಕಿ, ಬೇಕಾದಾಗ ಬ್ರೌಸರ್‌ನಲ್ಲಿ ನೋಡಿ. ಪಾಸ್‌ವರ್ಡ್ ಉದ್ದವಿರಲಿ, ಫೋನಿನಲ್ಲಿ ಉಳಿಸಬೇಡಿ, ಪ್ರತಿ ಸಲ ಲಾಗೌಟ್ ಮಾಡಿ. ಲಾಗಿನ್ನಿಗೆ ಹಿಡಿಯುವ ಅರ್ಧ ನಿಮಿಷವೇ ಇಲ್ಲಿ ಔಷಧ, 'ನಾನೀಗ ಏನು ಮಾಡುತ್ತಿದ್ದೇನೆ' ಎಂದು ಕೇಳಿಕೊಳ್ಳಲು ಪ್ರೀಫ್ರಂಟಲ್ ಭಾಗಕ್ಕೆ ಅಷ್ಟು ಬಿಡುವು ಸಾಕು. ಸಮಯಮಿತಿ ಹಾಕಿದರೆ ಅದರ ಪಾಸ್‌ಕೋಡ್ ಅನ್ನು ಮನೆಯ ಬೇರೊಬ್ಬರೇ ಇಡಲಿ. ಇಲ್ಲವಾದರೆ ಮಿತಿಯನ್ನು ದಾಟಿಸುವ ಗುಂಡಿ ಒತ್ತುವುದೂ ಬೆರಳಿಗೆ ಬೇಗನೇ ರೂಢಿಯಾಗುತ್ತದೆ. ಕೆಲಸದ ಹೊತ್ತಿನಲ್ಲಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಸಾಲದು, ಬೇರೆ ಕೋಣೆಯಲ್ಲಿಡಿ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ತೆರವಾದ ಜಾಗಕ್ಕೆ ಏನನ್ನೂ ಇಡುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಏಜ್ರಿನ್ ಮತ್ತು ನನ್ 1973ರಲ್ಲಿ ರೂಪಿಸಿದ ಅಭ್ಯಾಸ ಬದಲಾವಣೆಯ ಚಿಕಿತ್ಸೆಯ ತಿರುಳೇ ಇದು: ಹಳೆಯ ಚಲನೆಯ ಜೊತೆಗೆ ಮಾಡಲಾಗದಂಥ ಇನ್ನೊಂದು ಚಲನೆಯನ್ನು ಕಲಿಸುವುದು. ಬದಲಿ ಕೆಲಸ ನಿಮ್ಮ ಚೀಟಿಯಲ್ಲಿರುವ ಭಾವಕ್ಕೆ ಹೊಂದಬೇಕು. ಬೇಸರವಾದರೆ ಕೈಗೆ ಕೆಲಸ ಬೇಕು: ಚಿತ್ರ ಬಿಡಿಸಿ, ಕಪಾಟು ಜೋಡಿಸಿ. ಆತಂಕವಾದರೆ ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡಿ, ಮೂರು ನಿಮಿಷ. ದಣಿವಾದರೆ ಕಣ್ಣು ಮುಚ್ಚಿ ಹದಿನೈದು ನಿಮಿಷ ಒರಗಿ. ದಣಿದವರು ವ್ಯಾಯಾಮವನ್ನು ಬದಲಿಯಾಗಿ ಇಟ್ಟುಕೊಂಡರೆ ಅದು ನಡೆಯುವುದಿಲ್ಲ. ಪುಸ್ತಕವಾದರೆ ಓದಬೇಕಾದ ಪುಟ ತೆರೆದು ದಿಂಬಿನ ಪಕ್ಕದಲ್ಲೇ ಇಡಿ, ಕಪಾಟಿನಲ್ಲಿದ್ದರೆ ಗೆಲ್ಲುವುದು ಫೋನೇ.

ತೀರ್ಮಾನವನ್ನು 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂಬ ರೂಪದಲ್ಲಿ ಬರೆಯಿರಿ: 'ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಹತ್ತು ನಿಮಿಷ ನಡೆಯುತ್ತೇನೆ.' ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅಧ್ಯಯನ ಮಾಡಿದ ವಿಧಾನವಿದು. 'ಇನ್ನು ಫೋನ್ ಮುಟ್ಟುವುದಿಲ್ಲ' ಎಂದು ಬರೆದರೆ ತಲೆಯಲ್ಲಿ ಫೋನೇ ಉಳಿಯುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿದಾಗ ಜನರಿಗೆ ಅದೇ ಮತ್ತೆ ಮತ್ತೆ ನೆನಪಾದದ್ದು ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಾಖಲಾಗಿದೆ.

21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಪ್ರಶ್ನೆ: ಹಗಲು ಹೇಗೋ ನಿಭಾಯಿಸುತ್ತೇನೆ. ರಾತ್ರಿ ಮಲಗಿದ ಮೇಲೆ ನಡುರಾತ್ರಿ ಕಳೆದು ಒಂದು ಗಂಟೆಯವರೆಗೂ ರೀಲ್ಸ್. ಹಳದಿ ಫಿಲ್ಟರ್ ಹಾಕಿದ್ದೇನೆ, ಉಪಯೋಗವಾಗಿಲ್ಲ.

ಉತ್ತರ: ಕಣ್ಣಿನಲ್ಲಿ ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಗುರುತಿಸಿ, ನಿದ್ದೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುವ ಕೋಶಗಳಿವೆ. ಫಿಲ್ಟರ್ ಆ ಬೆಳಕನ್ನು ಅಷ್ಟಿಷ್ಟು ಕಡಿಮೆ ಮಾಡೀತು. ಆದರೆ 'ಇನ್ನೊಂದು ನೋಡೋಣ' ಎಂಬ ಎಚ್ಚರವನ್ನು ತಡೆಯುವುದಿಲ್ಲ, ಮುಖ್ಯ ತೊಂದರೆ ಅದೇ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡಿ, ಅಲಾರಮ್ಮಿಗೆ ಬೇರೆ ಗಡಿಯಾರ ತನ್ನಿ. ಫೋನನ್ನು ಹೊರಗಿಡುವ ಹೊತ್ತನ್ನು ಒಮ್ಮೆಗೇ ಎರಡು ಗಂಟೆ ಹಿಂದಕ್ಕೆ ತರದೆ ಮೂರು ದಿನಕ್ಕೊಮ್ಮೆ 15 ನಿಮಿಷ ತನ್ನಿ. ಏಳುವ ಹೊತ್ತು ಮಾತ್ರ ಮೊದಲ ದಿನದಿಂದಲೇ ಒಂದೇ ಇರಲಿ, ಎದ್ದ ಮೇಲೆ 20-30 ನಿಮಿಷ ಹೊರಗಿನ ಬೆಳಕಿನಲ್ಲಿರಿ. ನಿದ್ದೆ ಬಾರದೆ 20 ನಿಮಿಷ ಕಳೆದಂತೆ ಅನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ ಮಲಗಿ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಅದು ಸಿಗದಿದ್ದರೆ ಮರುದಿನ ಹಗಲಿನ ನಿಭಾವಣೆಯೂ ಕುಸಿಯುತ್ತದೆ.

ಇನ್ನೊಂದು ಮಾತು. ಇಡೀ ದಿನದಲ್ಲಿ ತನಗೆಂದು ಅರ್ಧ ಗಂಟೆಯೂ ಸಿಗದವರು ರಾತ್ರಿಯಿಂದ ಅದನ್ನು ಕಿತ್ತುಕೊಳ್ಳುತ್ತಾರೆ. ಬೇರೆಯವರ ಕೆಲಸಗಳಲ್ಲೇ ದಿನ ಕಳೆಯುವ ಎಷ್ಟೋ ತಾಯಂದಿರ ಪಾಡು ಇದು. ನಿಮ್ಮದೂ ಹೀಗೇ ಇದ್ದರೆ, ಸಂಜೆಯಲ್ಲಿ ಯಾರೂ ಮುಟ್ಟದ ಅರ್ಧ ಗಂಟೆಯನ್ನು ಮನೆಯವರಿಂದ ಕೇಳಿ ಪಡೆಯಿರಿ. ಅದಿಲ್ಲದೆ ಮೇಲಿನ ಯಾವ ಕ್ರಮವೂ ಹೆಚ್ಚು ದಿನ ನಿಲ್ಲುವುದಿಲ್ಲ.

ಪ್ರಶ್ನೆ: ಪರದೆಯನ್ನು ಕಪ್ಪು-ಬಿಳುಪು ಮಾಡಿದರೆ ಪ್ರಯೋಜನವಿದೆಯೆ?

ಉತ್ತರ: ಸ್ವಲ್ಪ ಇದೆ. ಬಣ್ಣ ಹೋದರೆ ಸೆಳೆತ ಮಂಕಾಗುತ್ತದೆ. ಅದೊಂದನ್ನೇ ನಂಬಬೇಡಿ, ಕಣ್ಣು ಅದಕ್ಕೂ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ: ಆ್ಯಪ್ ತೆಗೆದ ಮೊದಲ ವಾರ ಚಡಪಡಿಕೆ ಹೆಚ್ಚೇ ಆಯಿತು. ತಡೆದು ತಡೆದು ಕೊನೆಗೆ ಮತ್ತೆ ಹಾಕಿಕೊಂಡೆ. ಎಲ್ಲಿ ತಪ್ಪಿತು?

ಉತ್ತರ: ಬಹುಮಾನ ನಿಂತ ಹೊಸತರಲ್ಲಿ ಹಳೆಯ ವರ್ತನೆ ಇನ್ನಷ್ಟು ಜೋರಾಗಿ ಎದ್ದು ಆಮೇಲೆ ಇಳಿಯುವುದುಂಟು. ಇಳಿದ ಮೇಲೂ ಕೆಲಕಾಲದ ನಂತರ ಏಕಾಏಕಿ ಮರಳುವುದುಂಟು. ಹೀಗೆ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ನಾಯಿಗಳಲ್ಲಿ ಕಂಡಿದ್ದರು. ಇವು ವಿಧಾನ ಸೋತ ಲಕ್ಷಣಗಳಲ್ಲ. ತಪ್ಪಿದ್ದು 'ತಡೆದು ತಡೆದು ಕೊನೆಗೆ' ಎಂಬಲ್ಲಿ. ಇಪ್ಪತ್ತು ನಿಮಿಷ ಹೋರಾಡಿ ಆಮೇಲೆ ಕೊಟ್ಟರೆ, ಚಡಪಡಿಕೆಯನ್ನು ಮುಂದುವರಿಸಿದರೆ ಸಿಗುತ್ತದೆ ಎಂದು ಮೆದುಳು ಕಲಿಯುತ್ತದೆ. ಯಾವಾಗ ಸಿಗುತ್ತದೋ ತಿಳಿಯದ ಬಹುಮಾನ ಅಭ್ಯಾಸವನ್ನು ಗಟ್ಟಿಗೊಳಿಸುತ್ತದೆ ಎಂದು ಮೇಲೆ ಹೇಳಿದ್ದೂ ಇದನ್ನೇ.

ಪೂರ್ತಿ ಬಿಡುವ ಬದಲು ಹೊತ್ತು ಗೊತ್ತುಮಾಡಿ: ಸಂಜೆ ಏಳರಿಂದ 20 ನಿಮಿಷ, ಮೇಜಿನ ಮುಂದೆ ಕುರ್ಚಿಯಲ್ಲಿ, ಟೈಮರ್ ಎದ್ದು ಹೋಗಿ ನಿಲ್ಲಿಸಬೇಕಾದಷ್ಟು ದೂರದಲ್ಲಿ. ಆ ಹೊತ್ತಿಗೆ ಮನಸ್ಸಾಗಲಿ ಬಿಡಲಿ, ನೋಡಿ. ಹೀಗೆ ಮಾಡಿದರೆ ನೋಟ ಗಡಿಯಾರಕ್ಕೆ ಅಂಟಿಕೊಳ್ಳುತ್ತದೆ, ಚಡಪಡಿಕೆಯಿಂದ ಕಳಚಿಕೊಳ್ಳುತ್ತದೆ. ಬೇರೆ ಹೊತ್ತಿನಲ್ಲಿ ತುಡಿತ ಎದ್ದರೆ ಅದರೊಂದಿಗೆ ವಾದಿಸಬೇಡಿ. ಎದೆಯಲ್ಲೋ ಬೆರಳಲ್ಲೋ ಎಲ್ಲಿ ಗೊತ್ತಾಗುತ್ತಿದೆ ಎಂದು ಗಮನಿಸುತ್ತ ಕೂತರೆ ಕೆಲವು ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ವ್ಯಸನ ಚಿಕಿತ್ಸೆಗೆ ಈ ಕ್ರಮವನ್ನು ತಂದವರು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್.

ಪ್ರಶ್ನೆ: ಮಗನಿಗೆ 16 ವರ್ಷ. ಗೇಮ್ ಬಿಟ್ಟರೆ ಬೇರೆ ಲೋಕವೇ ಇಲ್ಲ. ಫೋನ್ ಕಿತ್ತುಕೊಂಡರೆ ರೇಗಾಡುತ್ತಾನೆ. ವೈದ್ಯರಿಗೆ ತೋರಿಸಬೇಕೆ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಗೇಮಿಂಗ್ ಕಾಯಿಲೆಯನ್ನು ಗುರುತಿಸಲು ಅದು ಮೂರು ಲಕ್ಷಣ ಹೇಳುತ್ತದೆ: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಾಣುತ್ತಿದ್ದರೂ ಮುಂದುವರಿಯುವುದು. ಇದರಿಂದ ಓದು, ಸಂಬಂಧ, ದಿನಚರಿ ಕೆಟ್ಟಿರಬೇಕು. ಸಾಮಾನ್ಯವಾಗಿ 12 ತಿಂಗಳ ಅವಧಿಯನ್ನು ನೋಡುತ್ತಾರೆ, ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಡಪಡಿಕೆಯ ತೊಂದರೆ) ಇದ್ದವರಲ್ಲಿ ಈ ಗೀಳು ಜೊತೆಗಿರುವುದು ಸಾಮಾನ್ಯ. ಮೂಲವನ್ನು ಹಾಗೇ ಬಿಟ್ಟು ಫೋನನ್ನಷ್ಟೇ ಕಿತ್ತುಕೊಂಡರೆ ಜಗಳ ಮಾತ್ರ ಉಳಿಯುತ್ತದೆ. ಶಾಲೆ ತಪ್ಪುತ್ತಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಹಳೆಯ ಗೆಳೆಯರನ್ನೆಲ್ಲ ಬಿಟ್ಟಿದ್ದರೆ ಮನೋವೈದ್ಯರನ್ನೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ ಅದೇ ದಿನ ಕರೆದೊಯ್ಯಿರಿ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ.

ತುರ್ತು ಇಲ್ಲದಿದ್ದರೆ, ಹೋಗುವಾಗ ಎರಡು ವಾರದ ಲೆಕ್ಕ ಜೊತೆಗಿರಲಿ: ಮಲಗಿದ್ದು, ಎದ್ದದ್ದು, ಆಡಿದ ಹೊತ್ತು, ಶಾಲೆಗೆ ಹೋಗದ ದಿನಗಳು. ಅದನ್ನು ಮಗನಿಗೆ ಗೊತ್ತಿದ್ದೇ ಬರೆಯಿರಿ, ಕದ್ದು ಬೇಡ. ಸಾಧ್ಯವಾದರೆ ಆಡಿದ ಹೊತ್ತನ್ನು ಅವನೇ ತುಂಬಲಿ.