ಹಳೇ ಕಾರಿಗೆ ಕಾಯ್ಲೋವರ್: ಮೊದಲು ದುಡ್ಡು ಯಾವುದಕ್ಕೆ?

ಪ್ರಶ್ನೆ: ನನ್ನ ಕಾರಿಗೆ 15 ವರ್ಷ ದಾಟಿದೆ. ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಹಂಪ್ ದಾಟಿದ ಮೇಲೂ ತೂಗಾಡುತ್ತದೆ, ಮುಂದಿನ ಚಕ್ರದ ಹತ್ತಿರ ಟಕಟಕ ಸದ್ದು ಬೇರೆ. ಕೈಯಲ್ಲಿ ದುಡ್ಡು ಕಡಿಮೆ. ಅಗ್ಗದ ಕಾಯ್ಲೋವರ್ ಸೆಟ್ ಹಾಕಿಸಿದರೆ ಎಲ್ಲಾ ಸರಿಹೋಗುತ್ತದಾ?

ಉತ್ತರ: ಎಲ್ಲಾ ಸರಿಹೋಗಲ್ಲ. ಕಾಯ್ಲೋವರ್ ಅಂದರೆ ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್ ಒಟ್ಟಿಗಿರುವ, ಗಾಡಿಯ ಎತ್ತರ ಹೊಂದಿಸಬಹುದಾದ ಸೆಟ್. ವಾಲುವುದು, ತೂಗಾಡುವುದು ಕಡಿಮೆಯಾಗಬಹುದು, ಆದರೆ ಆ ಟಕಟಕ ಹೊಸ ಸೆಟ್ ಹಾಕಿದ ಮೇಲೆ ಇನ್ನೂ ಜೋರಾಗಿ ಕೇಳಿಸಿದರೂ ಆಶ್ಚರ್ಯವಿಲ್ಲ. ಹಳೇ ಕಾರಿನಲ್ಲಿ ಅಂಥ ಸದ್ದು ಹೆಚ್ಚಾಗಿ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಬುಷ್ ಅಂದರೆ ಅದರ ರಬ್ಬರ್ ಜೋಡಣೆ, ಬಾಲ್ ಜಾಯಿಂಟ್ ಅಂದರೆ ಆ ತೋಳಿನ ತುದಿಯ ಗುಂಡು ಕೀಲು, ಸ್ಟೆಬಿಲೈಸರ್ ಲಿಂಕ್ ಅಂದರೆ ವಾಲುವುದನ್ನು ತಡೆಯುವ ಸರಳಿನ ಕೊಂಡಿ, ಅಥವಾ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಮೇಲ್ತುದಿಯಲ್ಲಿ ಗಾಡಿಗೆ ಸೇರುವ ಮೌಂಟ್‌ನಿಂದ ಬರುತ್ತದೆ. ಗಾಡಿ ನಿಂತಿರುವಾಗ ಇನ್ನೊಬ್ಬರಿಗೆ ಸ್ಟೇರಿಂಗ್ ತಿರುಗಿಸಲು ಹೇಳಿ, ಚಕ್ರದ ಪಕ್ಕ ಕೂತು ಕಿವಿಗೊಡಿ. ಸ್ಪ್ರಿಂಗ್ ಸಲೀಸಾಗಿ ತಿರುಗದೆ, ಬಿಗಿದುಕೊಂಡು ಆಮೇಲೆ ಟಣ್ ಅಂತ ಬಿಡಿಸಿಕೊಂಡರೆ ಮೌಂಟ್‌ನ ಬೇರಿಂಗ್ ಹೋಗಿದೆ ಅಂತಲೇ. ಮೊದಲ ದುಡ್ಡು ಇವುಗಳಿಗೆ ಹೋಗಲಿ.

ಅದಾದ ಮೇಲೂ ಕಾಯ್ಲೋವರ್ ಬೇಕೇ? ಎತ್ತರವನ್ನು ನೀವೇ ಹೊಂದಿಸಿಕೊಳ್ಳಬೇಕು ಅಂತಿದ್ದರೆ ಮಾತ್ರ. ಗಾಡಿ ನೆಟ್ಟಗೆ ಓಡಿದರೆ ಸಾಕು ಅನ್ನುವವರಿಗೆ ಒಳ್ಳೇ ಹೊಸ ಶಾಕ್ ಅಬ್ಸಾರ್ಬರ್, ಅದಕ್ಕೆ ಹೊಂದುವ ಸ್ವಲ್ಪ ಗಿಡ್ಡ ಸ್ಪ್ರಿಂಗ್ ಎಷ್ಟೋ ಮೇಲು. ತೀರಾ ಅಗ್ಗದ ಸೆಟ್‌ಗಳಲ್ಲಿ ಸ್ಪ್ರಿಂಗ್ ಗಟ್ಟಿ, ಅದನ್ನು ಹಿಡಿದಿಡಬೇಕಾದ ಶಾಕ್ ದುರ್ಬಲ. ಹಾಗಾಗಿ ನುಣ್ಣನೆಯ ರಸ್ತೆಯಲ್ಲಿ ಗಾಡಿ ಬಿಗಿಯಾಗಿದೆ ಅನ್ನಿಸುತ್ತದೆ, ರಸ್ತೆ ಕೆಟ್ಟರೆ ಚಕ್ರ ಕುಪ್ಪಳಿಸಿ ನೆಲದ ಹಿಡಿತ ಬಿಡುತ್ತದೆ. ಶಾಕ್‌ನ ಬಿಗಿತ ಹೊಂದಿಸುವ ಮೇಲಿನ ತಿರುಗಣಿಯಲ್ಲಿ 30 ಕ್ಲಿಕ್ ಇದೆ ಅಂತ ಮರುಳಾಗಬೇಡಿ, ಒಳಗೆ ವಾಲ್ವ್ ಚೆನ್ನಾಗಿಲ್ಲದಿದ್ದರೆ ಸುಮ್ನೆ ತಿರುಗಿಸಿಕೊಂಡಿರಬೇಕು ಅಷ್ಟೇ.

ಹಾಕಿಸಿದ ಮೇಲೆ ನೆಲಕ್ಕೆ ಮುಟ್ಟುವಷ್ಟು ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಎರಡು ಮೂರು ಸೆಂಟಿಮೀಟರ್‌ಗೆ ನಿಲ್ಲಿಸಿ. ಇನ್ನೂ ಇಳಿಸಿದರೆ ಸಾಮಾನ್ಯ ಸ್ಟ್ರಟ್ ಇರುವ ಗಾಡಿಯಲ್ಲಿ ಲೋವರ್ ಆರ್ಮ್ ಹೊರತುದಿ ಮೇಲೆದ್ದು ಕೂರುತ್ತದೆ. ಆಮೇಲೆ ಕಡಿಮೆ ಮಾಡಬೇಕೆಂದಿದ್ದ ವಾಲಾಟವೇ ಹೆಚ್ಚಾಗಲು ನೋಡುತ್ತದೆ, ಸಣ್ಣ ಗುಂಡಿಗೂ ಶಾಕ್ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯ ತಡೆಗೆ, ಹೋಗಿ ಬಡಿಯುತ್ತದೆ.

ಮೆಕ್ಯಾನಿಕ್‌ಗೆ ಒಂದು ಮಾತು ಖಂಡಿತ ಹೇಳಿ. ಆರ್ಮ್ ಬುಷ್‌ನ ಬೋಲ್ಟ್‌ಗಳನ್ನು ಕೊನೆಯದಾಗಿ ಬಿಗಿಯುವಾಗ ಗಾಡಿಯ ಭಾರ ಚಕ್ರದ ಮೇಲಿರಬೇಕು. ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ವೀಲ್ ಅಲೈನ್‌ಮೆಂಟ್ ಎತ್ತರ ಹೊಂದಿಸಿದ ನಂತರವೇ ಮಾಡಿಸಿ, ಎತ್ತರ ಬದಲಿಸಿದಾಗಲೆಲ್ಲ ಮತ್ತೆ ಮಾಡಿಸಿ. ಇದರ ಖರ್ಚನ್ನೂ ಬಜೆಟ್‌ನಲ್ಲಿ ಮೊದಲೇ ತೆಗೆದಿಡಿ.

ಪ್ರಶ್ನೆ: ಹಾಗಾದರೆ ಒಳ್ಳೇ ಕಂಪನಿಯ ಸೆಕೆಂಡ್ ಹ್ಯಾಂಡ್ ಸೆಟ್ ತೆಗೆದುಕೊಳ್ಳಬಹುದಾ?

ಉತ್ತರ: ನೋಡಿ ತೆಗೆದುಕೊಳ್ಳಬಹುದು. ಶಾಕ್‌ನ ರಾಡ್ ಮೇಲೆ ಎಣ್ಣೆ ಜಿನುಗಿದ್ದರೆ ಅಥವಾ ತುಕ್ಕಿನ ಚುಕ್ಕೆಗಳಿದ್ದರೆ ಬೇಡ, ಆ ಚುಕ್ಕೆಗಳೇ ಒಳಗಿನ ಎಣ್ಣೆ ತಡೆಯುವ ಸೀಲನ್ನು ಹರಿದುಹಾಕುತ್ತವೆ. ನಿಮ್ಮ ಮಾಡೆಲ್‌ಗೇ ಮಾಡಿದ ಸೆಟ್ ಆಗಿರಬೇಕು, ಬೋಲ್ಟ್ ಕೂತಿತು ಅಂದ ಮಾತ್ರಕ್ಕೆ ನಿಮ್ಮ ಗಾಡಿಯ ತೂಕಕ್ಕೆ ಸ್ಪ್ರಿಂಗ್ ಹೊಂದುತ್ತದೆ ಅಂತಲ್ಲ. ಎತ್ತರ ಹೊಂದಿಸುವ ರಿಂಗನ್ನು ಮಾರುವವರ ಮುಂದೆಯೇ ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿ. ಥ್ರೆಡ್‌ನಲ್ಲಿ ತುಕ್ಕು ಹಿಡಿದು ಅದು ಅಲುಗಾಡದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.