ಅರ್ಧ ಗಂಟೆಯ ಸರ್ಕ್ಯೂಟ್ ಜಿಮ್‌ನಿಂದ ಮೈ ಬಿಗಿಯಾಗುತ್ತಾ?

ಪ್ರಶ್ನೆ: ನನಗೆ 38 ವರ್ಷ. ಬ್ಯಾಂಕಿನಲ್ಲಿ ಕೆಲಸ, ದಿನವೆಲ್ಲ ಕೂತೇ ಇರುತ್ತೇನೆ. ತೂಕ 64 ಕೆಜಿ. ತೀರಾ ದಪ್ಪ ಅಂತಲ್ಲ, ಆದರೆ ತೋಳು ಜೋತಾಡುತ್ತದೆ, ಎರಡನೇ ಹೆರಿಗೆಯ ನಂತರ ಹೊಟ್ಟೆ ಒಳಗೆ ಹೋಗಲೇ ಇಲ್ಲ. ಶಾಲೆಯ ಪಿ.ಟಿ. ಪೀರಿಯಡ್ ಬಿಟ್ಟರೆ ವ್ಯಾಯಾಮ ಮಾಡಿದವಳಲ್ಲ. ನಮ್ಮ ಬಡಾವಣೆಯಲ್ಲಿ ಹೆಂಗಸರಿಗೆ ಮಾತ್ರ ಅಂತ ಒಂದು ಸರ್ಕ್ಯೂಟ್ ಜಿಮ್ ತೆರೆದಿದ್ದಾರೆ. ದಿನಕ್ಕೆ ಅರ್ಧ ಗಂಟೆ ಸಾಕು, 500 ಕ್ಯಾಲೊರಿ ಕರಗುತ್ತದೆ ಅನ್ನುತ್ತಾರೆ. ವರ್ಷದ ಪ್ಯಾಕೇಜ್ ತಗೊಂಡರೆ ಅರ್ಧ ಬೆಲೆಯಂತೆ. ನನ್ನಂಥ ಹೊಸಬರಿಗೆ ಇದು ಸರಿಹೋಗುತ್ತಾ? ಭಾರ ಎತ್ತಿದರೆ ಗಂಡಸರ ಹಾಗೆ ಮೈ ಉಬ್ಬುತ್ತದೆ ಅಂತ ನಮ್ಮ ಅತ್ತೆ ಬೇರೆ ಹೆದರಿಸುತ್ತಿದ್ದಾರೆ.
— ಓದುಗರು, ದಾವಣಗೆರೆ

ಉತ್ತರ: ಸೇರಿಕೊಳ್ಳಿ. ವರ್ಷದ ಪ್ಯಾಕೇಜ್ ಮಾತ್ರ ಬೇಡ, ಸದ್ಯಕ್ಕೆ ಮೂರು ತಿಂಗಳಿಗೆ ದುಡ್ಡು ಕಟ್ಟಿ.

ಮೊದಲು ಅತ್ತೆಯವರ ಹೆದರಿಕೆ. ಗಂಡಸರ ಮೈಕಟ್ಟಿಗೆ ದೊಡ್ಡ ಕಾರಣ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ಹೆಂಗಸರಲ್ಲಿ ಅದು ಇರುವುದು ತೀರಾ ಕಡಿಮೆ. ವೇದಿಕೆಯ ಮೇಲೆ ನಿಲ್ಲುವ ಮಹಿಳಾ ಬಾಡಿಬಿಲ್ಡರ್‌ಗಳು ವರ್ಷಗಟ್ಟಲೆ ದಿನಕ್ಕೆ ಗಂಟೆಗಟ್ಟಲೆ ಬೆವರು ಸುರಿಸಿದವರು, ಊಟವನ್ನೂ ತೂಗಿ ತಿನ್ನುವವರು. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಮೆಷಿನ್ ತಳ್ಳಿದರೆ ಯಾರೂ ಹಾಗಾಗುವುದಿಲ್ಲ. ಆಗಬೇಕು ಅಂದರೂ ಆಗುವುದಿಲ್ಲ!

ಇನ್ನು 'ಟೋನ್ ಆಗುವುದು', ಅಂದರೆ ಮೈ ಬಿಗಿಯಾಗುವುದು. ಕೊಬ್ಬು ಕರಗಿ ಸ್ನಾಯುವಾಗುವುದಿಲ್ಲ, ಅವೆರಡೂ ಬೇರೆ ಬೇರೆ. ಸ್ನಾಯು ಸ್ವಲ್ಪ ಬೆಳೆಯಬೇಕು, ಅದರ ಮೇಲಿನ ಕೊಬ್ಬಿನ ಪದರ ಸ್ವಲ್ಪ ತೆಳ್ಳಗಾಗಬೇಕು. ಆಗ ಮೈ ಬಿಗಿಯಾಗಿ ಕಾಣುತ್ತದೆ. ತೋಳಿನ ವ್ಯಾಯಾಮ ಮಾಡಿದರೆ ತೋಳಿನ ಕೊಬ್ಬೇ ಕರಗುತ್ತದೆ ಅನ್ನುವಂತಿಲ್ಲ. ಎಲ್ಲಿಂದ ಮೊದಲು ಕರಗಿಸಬೇಕು ಅನ್ನುವುದನ್ನು ದೇಹವೇ ತೀರ್ಮಾನಿಸುತ್ತದೆ, ನಮ್ಮನ್ನು ಕೇಳುವುದಿಲ್ಲ.

ಈಗ ಜಿಮ್ ವಿಷಯ. ಸರ್ಕ್ಯೂಟ್ ಹೊಸದೇನಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್‌ಸನ್ ಎಂಬಿಬ್ಬರು 1953ರಲ್ಲೇ ಇದನ್ನು ರೂಪಿಸಿದ್ದರು. ಹೆಂಗಸರಿಗೆ ಮಾತ್ರ, ಅರ್ಧ ಗಂಟೆ ಎಂಬ ಈಗಿನ ಅಚ್ಚನ್ನು ಹೆಸರುವಾಸಿ ಮಾಡಿದ್ದು 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಕರ್ವ್ಸ್ ಎಂಬ ಜಿಮ್ ಸರಪಳಿ. ಮೆಷಿನ್‌ಗಳನ್ನು ದುಂಡಗೆ ಜೋಡಿಸಿರುತ್ತಾರೆ, ನಡುನಡುವೆ ಒಂದೊಂದು ಹಲಗೆ. ಅರ್ಧ ನಿಮಿಷ ಮೆಷಿನ್, ಅರ್ಧ ನಿಮಿಷ ಹಲಗೆಯ ಮೇಲೆ ಕಾಲಾಡಿಸುವುದು, ಮತ್ತೆ ಮುಂದಿನ ಮೆಷಿನ್. ನಮ್ಮೂರುಗಳ ಜಿಮ್‌ಗಳಲ್ಲಿ ಇದರದ್ದೇ ಹಲವು ಅವತಾರ ಕಾಣುತ್ತೀರಿ.

ಹೊಸಬರಿಗೆ ಇದು ಒಳ್ಳೆಯದು ಅನ್ನಲು ನನಗೆ ಸಿಗುವ ದೊಡ್ಡ ಕಾರಣ, ಅಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ ಅನ್ನುವುದು. ದೊಡ್ಡ ಜಿಮ್‌ಗೆ ಮೊದಲ ದಿನ ಹೋದವರು ಯಾವ ಮೆಷಿನ್ ಏನಕ್ಕೆ ಅಂತ ತಿಳಿಯದೆ, ಕನ್ನಡಿ ಮುಂದಿನ ಹುಡುಗರನ್ನು ದಾಟಿ ಡಂಬೆಲ್ ತರಲು ಸಂಕೋಚಪಟ್ಟು, ಸುಮ್ನೆ ಟ್ರೆಡ್‌ಮಿಲ್ ಮೇಲೆ ನಡೆದು ಮನೆಗೆ ಬರುತ್ತಾರೆ. ನಾನು ತರಬೇತಿ ಕೊಟ್ಟ ಎಷ್ಟೋ ಹೆಂಗಸರ ಕಥೆ ಇದು. ಸರ್ಕ್ಯೂಟ್‌ನಲ್ಲಿ ಆ ಮುಜುಗರ ಇಲ್ಲ. ಪಕ್ಕದ ಮೆಷಿನ್‌ನಲ್ಲಿ ನಿಮ್ಮಂಥವರೇ ಮಾತಾಡಿಕೊಂಡು ಮಾಡುತ್ತಿರುತ್ತಾರೆ. ಅರ್ಧ ಗಂಟೆ ಅಂದರೆ ಅಡುಗೆಗೂ ಆಫೀಸಿಗೂ ನಡುವೆ ತೂರಿಸಬಹುದು. ತಪ್ಪದೆ ಹೋಗುವ ಸಾಧಾರಣ ಜಿಮ್, ಹೋಗದೇ ಇರುವ ಭಾರಿ ಜಿಮ್‌ಗಿಂತ ಮೇಲಲ್ವಾ?

500 ಕ್ಯಾಲೊರಿ ಮಾತನ್ನು ನಂಬಬೇಡಿ. ವ್ಯಾಯಾಮಗಳ ಶಕ್ತಿ ಖರ್ಚಿನ ಲೆಕ್ಕಕ್ಕೆ ಬಳಸುವ ಪಟ್ಟಿಯೊಂದಿದೆ. 2011ರ ಆವೃತ್ತಿಯಲ್ಲಿ ಕರ್ವ್ಸ್ ಮಾದರಿಯ ವ್ಯಾಯಾಮಕ್ಕೆ 3.5 ಮೆಟ್ ಕೊಟ್ಟಿದ್ದಾರೆ, ಅಂದರೆ ಸುಮ್ಮನೆ ಕೂತಾಗ ಆಗುವ ಖರ್ಚಿನ ಮೂರೂವರೆ ಪಟ್ಟು. ನಿಮ್ಮ ತೂಕಕ್ಕೆ ಲೆಕ್ಕ ಹಾಕಿದರೆ ಅರ್ಧ ಗಂಟೆಗೆ ಸುಮಾರು 110 ಕ್ಯಾಲೊರಿ. ಹೆಚ್ಚುಕಡಿಮೆ ಒಂದು ಉದ್ದಿನ ವಡೆ. ಜೋರಾಗಿ ಮಾಡಿದರೆ ಇನ್ನಷ್ಟು ಖರ್ಚಾಗಬಹುದು, ಆದರೂ 500 ದೂರದ ಮಾತು. ಕೊಬ್ಬು ಇಳಿಸುವ ಕೆಲಸ ಮುಖ್ಯವಾಗಿ ತಟ್ಟೆಯಲ್ಲೇ ಆಗಬೇಕು.

ಹೋಗಿ ನೋಡುವಾಗ ಒಂದು ವಿಷಯ ಗಮನಿಸಿ: ಮೆಷಿನ್‌ಗಳಲ್ಲಿ ಕಬ್ಬಿಣದ ತೂಕದ ಪ್ಲೇಟುಗಳಿವೆಯೋ, ಅಥವಾ ಬೈಕಿನ ಶಾಕ್ ಅಬ್ಸಾರ್ಬರ್‌ನಂಥ ಸಿಲಿಂಡರ್ ಇದೆಯೋ? ಸಿಲಿಂಡರ್ ಇದ್ದರೆ ಅದು ಹೈಡ್ರಾಲಿಕ್. ನೀವು ಎಷ್ಟು ಜೋರಾಗಿ ತಳ್ಳುತ್ತೀರೋ ಅದು ಅಷ್ಟೇ ಬಿಗಿ ಕೊಡುತ್ತದೆ, ಮೆಲ್ಲಗೆ ತಳ್ಳಿದರೆ ಹಗುರ. ಹೊಸಬರಿಗೆ ಇದು ಸುರಕ್ಷಿತ, ಮಾರನೇ ದಿನದ ಮೈಕೈ ನೋವೂ ಕಡಿಮೆ. ಕೊರತೆಯೂ ಅಲ್ಲೇ ಇದೆ. ತುಂಬಿದ ಕೊಡವನ್ನು ಸೊಂಟದಿಂದ ನಿಧಾನಕ್ಕೆ ಕೆಳಗಿಳಿಸುತ್ತೀರಲ್ಲ, ಆಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತಿರುತ್ತದೆ. ಆ ಇಳಿಸುವ ಕೆಲಸ ಸ್ನಾಯು ಬೆಳೆಯಲು ನೆರವಾಗುತ್ತದೆ. ಮೆಟ್ಟಿಲು ಇಳಿಯುವಾಗ ಮಂಡಿ ಕಾಯುವುದೂ ಅದೇ ಶಕ್ತಿ. ಹೈಡ್ರಾಲಿಕ್ ಮೆಷಿನ್ ಹೋಗುವಾಗಲೂ ಬರುವಾಗಲೂ ತಳ್ಳಿಸುತ್ತದೆ, ಎಳೆಸುತ್ತದೆ, ಆದರೆ ತಡೆದು ಇಳಿಸುವ ಅಭ್ಯಾಸ ಕೊಡುವುದಿಲ್ಲ.

ಮೂರು ತಿಂಗಳ ಲೆಕ್ಕ ಇಲ್ಲಿಂದಲೇ ಬಂತು. ಏನೂ ಮಾಡದ ದೇಹ ಮೊದಲ ಎಂಟು ಹತ್ತು ವಾರ ಯಾವ ಭಾರಕ್ಕೂ ಸ್ಪಂದಿಸುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಕಡಿಮೆಯಾಗುತ್ತದೆ, ರವಿಕೆಯ ತೋಳು ಸ್ವಲ್ಪ ಸಡಿಲ ಅನಿಸಬಹುದು. ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ. ಭಾರ ಹೆಚ್ಚದಿದ್ದರೆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. ವರ್ಷಪೂರ್ತಿ ಅದೇ ಸುತ್ತು, ಅದೇ ಬಿಗಿಯಲ್ಲಿ ತಿರುಗಿ 'ಏನೂ ಪ್ರಯೋಜನ ಆಗಲಿಲ್ಲ' ಅನ್ನುವವರು ಬೇಕಾದಷ್ಟಿದ್ದಾರೆ. ಹಾಗಾಗಿ ಹಣ ಕಟ್ಟುವ ಮೊದಲೇ ಕೇಳಿ: 'ಮೂರು ತಿಂಗಳ ಮೇಲೆ ನನಗೆ ಭಾರ ಹೇಗೆ ಹೆಚ್ಚಿಸುತ್ತೀರಿ?' ಮೂಲೆಯಲ್ಲಿರುವ ಡಂಬೆಲ್ ತೋರಿಸಿ, ಯಾವಾಗ ಶುರು ಮಾಡಿಸುತ್ತೇವೆ ಅಂತ ಬಿಡಿಸಿ ಹೇಳಿದರೆ ಅದು ಒಳ್ಳೆಯ ಜಿಮ್. 'ಬೆವರು ಬಂದರೆ ಸಾಕು ಮೇಡಂ' ಅಂದರೆ ಮೂರು ತಿಂಗಳು ಮುಗಿಸಿ ಬೇರೆ ಕಡೆ ನೋಡಿ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿಯಾಗಿಸುವ ವ್ಯಾಯಾಮ, ಜೊತೆಗೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೂರು ದಿನ ಸರ್ಕ್ಯೂಟ್, ಉಳಿದ ದಿನ ನಡಿಗೆ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಊಟದಲ್ಲಿ ಪ್ರೋಟೀನ್ ನೋಡಿಕೊಳ್ಳಿ. ನಮ್ಮ ದೇಶದ ಶಿಫಾರಸು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ, ನಿಮಗೆ ಸುಮಾರು 53 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಅನ್ನ, ತಿಳಿಸಾರು, ಉಪ್ಪಿನಕಾಯಿಯ ಊಟದಲ್ಲಿ ಈ ಲೆಕ್ಕ ತುಂಬುವುದಿಲ್ಲ. ಸಾರಿನಲ್ಲಿ ಬೇಳೆ ಜಾಸ್ತಿ ಹಾಕಿ. ಹೆಸರುಕಾಳು, ಕಡಲೆಕಾಳಿನ ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಸೇರಿಸಿಕೊಳ್ಳಿ.

ಹೊಟ್ಟೆಯ ಬಗ್ಗೆ ಒಂದು ಮಾತು. ಹೆರಿಗೆಯ ನಂತರ ಕೆಲವರಿಗೆ ಹೊಟ್ಟೆಯ ನಡುವಿನ ಸ್ನಾಯು ಎರಡು ಪಾಲಾಗಿ ಹಾಗೇ ಉಳಿದಿರುತ್ತದೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ ಹೊಕ್ಕುಳ ಬಳಿ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಜಾಸ್ತಿ ಅಗಲದ ಗುಂಡಿ ಸಿಕ್ಕರೆ, ಅಥವಾ ಕೆಮ್ಮಿದಾಗ, ಹಾರಿದಾಗ ಮೂತ್ರ ಸೋರುತ್ತಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಸಂಕೋಚದಿಂದ ಇದನ್ನು ಹೇಳದೆ ಹಲಗೆಯ ಮೇಲೆ ಕುಣಿದು ತೊಂದರೆ ಹೆಚ್ಚಿಸಿಕೊಂಡವರನ್ನು ನೋಡಿದ್ದೇನೆ. ಬಿಪಿ, ಶುಗರ್, ಎದೆನೋವಿನ ತೊಂದರೆ ಇದ್ದರೂ ಸೇರುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.

ಇನ್ನು, ಟ್ರಯಲ್ ಕೊಡುತ್ತಾರಾ ಕೇಳಿ. ಕೊಟ್ಟರೆ ಮಧ್ಯಾಹ್ನ ಖಾಲಿ ಇದ್ದಾಗ ಹೋಗಬೇಡಿ. ಬ್ಯಾಂಕ್ ಮುಗಿಸಿ ನೀವು ಹೋಗುವ ಸಂಜೆಯ ಹೊತ್ತಿಗೇ ಹೋಗಿ. ಆ ಗದ್ದಲದಲ್ಲೂ ಟ್ರೇನರ್ ನಿಮ್ಮ ಬೆನ್ನು ಬಾಗಿದ್ದನ್ನು ಕಂಡು ಬಂದು ತಿದ್ದುತ್ತಾರಾ, ಇಲ್ಲ ಕೌಂಟರ್‌ನಲ್ಲಿ ಫೋನ್ ನೋಡುತ್ತಾ ನಿಂತಿರುತ್ತಾರಾ ಅನ್ನುವುದು ಆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.