ಕ್ಯಾಮೆರಾ ಪ್ರಶ್ನೋತ್ತರ: ಮಸುಕಾದ ರೇಂಜ್‌ಫೈಂಡರ್

ಪ್ರಶ್ನೆ: ಮನೆಯಲ್ಲಿ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ ಇದೆ. ಶಟರ್, ಮೀಟರ್ ಸರಿಯಿವೆ. ವ್ಯೂಫೈಂಡರ್ ನಡುವೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಹೊಂದಿಸುವ ಚೌಕ (ರೇಂಜ್‌ಫೈಂಡರ್) ಮಾತ್ರ ಕಂಡೂ ಕಾಣದಂತಿದೆ. ಬಿಚ್ಚಿ ಒರೆಸಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಬಿಚ್ಚಬಹುದು. ಆದರೆ ಒಳಗಿನ ಒಂದು ಗಾಜನ್ನು ಮಾತ್ರ ಉಜ್ಜಬೇಡಿ. ವ್ಯೂಫೈಂಡರ್‌ನಲ್ಲಿ ಓರೆಯಾಗಿ ನಿಂತ ಅರೆಗನ್ನಡಿಯ (ಬೆಳಕಿನ ಒಂದು ಪಾಲನ್ನು ದಾಟಿಸಿ, ಉಳಿದದ್ದನ್ನು ಕನ್ನಡಿಯಂತೆ ಹೊರಳಿಸುವ ಗಾಜು) ಲೇಪ ಬಲು ತೆಳು. ಹತ್ತಿಯಿಂದ ಎರಡು ಸಲ ಉಜ್ಜಿದರೆ ಎದ್ದು ಹೋಗುತ್ತದೆ, ಆಮೇಲೆ ಚೌಕವೇ ಇರುವುದಿಲ್ಲ.

ಮೊದಲು ಟಾರ್ಚ್ ಹಿಡಿದು ನೋಡಿ. ಕಣ್ಣಿಡುವ ಕಡೆಯಿಂದ ಬೆಳಕು ಬಿಟ್ಟು, ಮುಂದಿನ ಕಿಟಕಿಯಿಂದ ಒಳಗೆ ಇಣುಕಿ. ಹಾಲು ಚೆಲ್ಲಿದಂಥ ಬಿಳುಪು ಕಂಡರೆ ಅದು ಕೊಳೆ. ನಿಮ್ಮ ಕಡೆಯ ಜಡಿಮಳೆಗೆ ಹೀಗಾಗುವುದು ಸಹಜ, ಸ್ವಚ್ಛ ಮಾಡಿದರೆ ಸಾಕು. ಗಾಜು ತಿಳಿಯಾಗಿದ್ದೂ ಚೌಕ ಮಂಕಾಗಿದ್ದರೆ ಲೇಪ ಸವೆದಿರುವ ಸಾಧ್ಯತೆ ಹೆಚ್ಚು.

ಬಿಚ್ಚುವಾಗ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯ ಸ್ಕ್ರೂಡ್ರೈವರ್ ಬಳಸಿ. ಮಾಮೂಲಿ ಫಿಲಿಪ್ಸ್ ತುದಿ ಸ್ಕ್ರೂ ತಲೆಯನ್ನು ತಿಂದುಹಾಕುತ್ತದೆ. ಫಿಲ್ಮನ್ನು ಹಿಂದಕ್ಕೆ ಸುತ್ತುವ ರೀವೈಂಡ್ ಹಿಡಿಯನ್ನು ಬಿಚ್ಚಲು ಹಿಂಬಾಗಿಲು ತೆರೆದು, ಫಿಲ್ಮ್ ಡಬ್ಬಿಯ ಜಾಗದಲ್ಲಿರುವ ಕವಲಿಗೆ ಕಡ್ಡಿ ಕೊಟ್ಟು ಹಿಡಿದು, ಹಿಡಿಯನ್ನು ಎಡಕ್ಕೆ ತಿರುಗಿಸಿ. ಮೇಲ್ಮುಚ್ಚಳಕ್ಕೆ ವೈರುಗಳು ಬೆಸುಗೆಯಾಗಿರಬಹುದು, ಎಳೆಯದೆ ಮೆಲ್ಲಗೆ ಎತ್ತಿ ಪಕ್ಕಕ್ಕೆ ವಾಲಿಸಿ.

ಕಿಟಕಿಗಳ, ಕಣ್ಣಿಡುವ ಐಪೀಸಿನ ಗಾಜಿಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿ ಸಾಕು. ಅರೆಗನ್ನಡಿಗೆ ಮೊದಲು ಬ್ಲೋವರ್ ಗಾಳಿ ಮಾತ್ರ. ಅಷ್ಟಕ್ಕೂ ಹೋಗದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಗಾಜಿನ ಅಂಚಿನಲ್ಲಿ, ಒತ್ತದೆ ಒಮ್ಮೆ ಎಳೆದು ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ಕೈ ಬಿಡಿ.

ಲೇಪ ಹೋಗಿದ್ದರೆ ಹೊಸ ಅರೆಗನ್ನಡಿ ಕೂರಿಸಬೇಕು. ದಪ್ಪ ಹಳೆಯದರಷ್ಟೇ ಇರಲಿ, ಲೇಪದ ಮುಖ ಹಳೆಯದಿದ್ದ ದಿಕ್ಕಿಗೇ ಬರಲಿ. ತಿರುಗುಮುರುಗಾದರೆ ಬಿಂಬ ಜಾಗ ತಪ್ಪುತ್ತದೆ. ಸೂಪರ್ ಗ್ಲೂ ಬೇಡವೇ ಬೇಡ: ಅದರ ಆವಿ ಸುತ್ತಲಿನ ಗಾಜಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಅಂಚಿಗೆ ಒಂದೆರಡು ಚುಕ್ಕೆ ನೇಲ್ ಪಾಲಿಶ್ ಸಾಕು.

ಗಾಜು ಅಲುಗಿದ ಮೇಲೆ ಹೊಂದಾಣಿಕೆ ತಪ್ಪಿಯೇ ತಪ್ಪುತ್ತದೆ. ಲೆನ್ಸನ್ನು ಅನಂತದ (∞) ಗುರುತಿಗೆ ತಿರುಗಿಸಿ, ಒಂದೆರಡು ಕಿಲೋಮೀಟರ್ ಆಚೆಯ ಟವರನ್ನೋ ಬೆಟ್ಟದ ಅಂಚನ್ನೋ ನೋಡಿ. ಎರಡು ಬಿಂಬ ಒಂದಾಗುವವರೆಗೆ ಹೊಂದಿಕೆಯ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ. ಮಂಜು ಹರಿದ ಬೆಳಗು ಇದಕ್ಕೆ ಒಳ್ಳೆಯದು. ಕೊನೆಗೆ ಟೇಪು ಹಿಡಿದು, ಫಿಲ್ಮ್ ಇರುವ ಜಾಗದಿಂದ ಸರಿಯಾಗಿ 1 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿ, ಲೆನ್ಸಿನ ಅಂಕಿಯೊಂದಿಗೆ ತಾಳೆ ನೋಡಿ.

ಪ್ರಶ್ನೆ: ಬಿಚ್ಚಲು ಧೈರ್ಯವಿಲ್ಲ. ಬೇರೆ ದಾರಿ ಇದೆಯೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಇದೆ, ಬಿಚ್ಚುವವರೂ ಮೊದಲು ಇದನ್ನೇ ಮಾಡಲಿ. ಕಪ್ಪು ಇನ್ಸುಲೇಷನ್ ಟೇಪಿನ 3 ಮಿ.ಮೀ. ಚೌಕ ಕತ್ತರಿಸಿ, ವ್ಯೂಫೈಂಡರ್‌ನ ಮುಂದಿನ ದೊಡ್ಡ ಕಿಟಕಿಯ ನಡುಮಧ್ಯಕ್ಕೆ ಹೊರಗಿನಿಂದ ಅಂಟಿಸಿ. ನೇರ ಬಿಂಬ ಅಲ್ಲಿ ತುಸು ಕಪ್ಪಾಗಿ, ಪಕ್ಕದ ಪುಟ್ಟ ಕಿಟಕಿಯಿಂದ ಬರುವ ಬಿಂಬ ಎದ್ದು ಕಾಣುತ್ತದೆ. ಟೇಪು ದೊಡ್ಡದಾದರೆ ನೇರ ಬಿಂಬವೇ ಮುಚ್ಚಿ, ಹೊಂದಿಸಲು ಏನೂ ಉಳಿಯದು. ಆಗ ಅಂಚು ಕತ್ತರಿಸುತ್ತಾ ಬನ್ನಿ.

ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಇಡುತ್ತಿದ್ದರೆ ಇವತ್ತೇ ಹೊರತೆಗೆಯಿರಿ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಬೂಷ್ಟು ಸಾಕುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ, ಮತ್ತೆ ಬಳಸಬಹುದು.